ಹಾರುವ ಮುನ್ನಿನ ಲೆಕ್ಕ: ವಿಮಾನಯಾನ ವಿಶ್ಲೇಷಣೆಯ ವೃತ್ತಿಗಳು

ಹಾಸನದಲ್ಲಿ ಪದವಿ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ

ವಿದ್ಯಾರ್ಥಿ ಮಿತ್ರರೇ, ಅಧ್ಯಾಪಕ ಬಂಧುಗಳೇ, ಮಕ್ಕಳ ಜೊತೆಗೆ ಬಂದಿರುವ ತಂದೆತಾಯಿಯರೇ,

ಹಾಸನದವರಿಗೆ ವಿಮಾನ ನಿಲ್ದಾಣ ಹೊಸ ಮಾತಲ್ಲ. 2007ರ ಸುಮಾರಿಗೆ ಖಾಸಗಿ ಸಹಭಾಗಿತ್ವದಲ್ಲಿ ಆರಂಭವಾಗಿ ನಿಂತುಹೋದ ಯೋಜನೆಯನ್ನು, ಎಟಿಆರ್ ಮಾದರಿಯ ಸಣ್ಣ ವಿಮಾನಗಳನ್ನು ಗಮನದಲ್ಲಿಟ್ಟುಕೊಂಡು, 2021ರಲ್ಲಿ ಬೂವನಹಳ್ಳಿಯ ಬಳಿ ಮತ್ತೆ ಕೈಗೆತ್ತಿಕೊಂಡದ್ದು ನಿಮಗೆಲ್ಲ ತಿಳಿದಿದೆ. ಊರಿನಲ್ಲಿ ಈ ವಿಷಯ ಬಂದಾಗಲೆಲ್ಲ ನಾವು ಕೇಳುವುದು ಒಂದೇ ಪ್ರಶ್ನೆ: ನಿಲ್ದಾಣ ಯಾವಾಗ ಮುಗಿಯುತ್ತದೆ? ಅದಕ್ಕಿಂತ ಕಷ್ಟದ ಪ್ರಶ್ನೆಗಳು ಬೇರೆ ಇವೆ. ಮುಗಿದ ಮೇಲೆ ಇಲ್ಲಿಂದ ಯಾವ ಊರಿಗೆ ವಿಮಾನ ಹಾರಬೇಕು, ದಿನಕ್ಕೆ ಎಷ್ಟು ಸಲ, ಎಷ್ಟು ಆಸನಗಳ ವಿಮಾನ, ಯಾವ ದರಕ್ಕೆ, ಆ ದರಕ್ಕೆ ಟಿಕೆಟ್ ಕೊಳ್ಳುವವರು ಹಾಸನ, ಚಿಕ್ಕಮಗಳೂರು, ಅರಸೀಕೆರೆ, ಸಕಲೇಶಪುರ, ಬೇಲೂರುಗಳಲ್ಲಿ ಎಷ್ಟು ಮಂದಿ ಇದ್ದಾರೆ, ಸರ್ಕಾರದ ಸಹಾಯಧನ ನಿಂತ ಮರುದಿನವೂ ಆ ವಿಮಾನ ಬರುತ್ತದೆಯೇ? ಈ ಪ್ರಶ್ನೆಗಳಿಗೆ ಲೆಕ್ಕ ಹಾಕಿ, ಆಧಾರ ತೋರಿಸಿ, ಉತ್ತರ ಬರೆದುಕೊಡುವುದನ್ನೇ ವೃತ್ತಿಯಾಗಿಸಿಕೊಂಡ ಜನ ಜಗತ್ತಿನಾದ್ಯಂತ ಇದ್ದಾರೆ. ಅವರನ್ನು ವಿಮಾನಯಾನ ಸಲಹೆಗಾರರು, ವಿಶ್ಲೇಷಕರು ಎನ್ನುತ್ತಾರೆ. ಇಂದಿನ ನನ್ನ ಮಾತು ಅವರ ಕೆಲಸದ ಕುರಿತು.

ವಿಮಾನಯಾನದಲ್ಲಿ ಉದ್ಯೋಗ ಎಂದಾಗ ನಮ್ಮ ಕಡೆಯ ಮನೆಗಳಲ್ಲಿ ನೆನಪಾಗುವುದು ಪೈಲಟ್, ಗಗನಸಖಿ, ವಿಮಾನ ದುರಸ್ತಿಯ ಎಂಜಿನಿಯರ್, ನಿಲ್ದಾಣದ ಕೌಂಟರ್ ಸಿಬ್ಬಂದಿ. ಇವೆಲ್ಲ ಗೌರವದ ಕೆಲಸಗಳೇ. ಆದರೆ ಪೈಲಟ್ ತರಬೇತಿಯ ಶುಲ್ಕ ಸಾಮಾನ್ಯ ಕುಟುಂಬದ ಕೈಗೆಟುಕುವುದಿಲ್ಲ. ಉಳಿದ ಕೆಲಸಗಳಲ್ಲಿ ನೀವು ಕಲಿತ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ವಾಣಿಜ್ಯ, ಸಿವಿಲ್ ಎಂಜಿನಿಯರಿಂಗ್ ವಿದ್ಯೆಗೆ ನೇರ ಬಳಕೆ ಕಡಿಮೆ. ವಿಶ್ಲೇಷಣೆಯ ಕ್ಷೇತ್ರ ಹಾಗಲ್ಲ. ಅಲ್ಲಿ ಬೇಕಾದದ್ದು ಅಂಕಿಗಳನ್ನು ಓದುವ ಶಕ್ತಿ, ಸ್ಪಷ್ಟವಾಗಿ ಬರೆಯುವ ಅಭ್ಯಾಸ, ಮತ್ತು ಕೇಳುವವರಿಗೆ ರುಚಿಸದಿದ್ದರೂ ಸರಿಯಾದ ಅಂದಾಜನ್ನೇ ಕೊಡುವ ಗಟ್ಟಿತನ. ಮೂರನೆಯದೇ ಎಲ್ಲಕ್ಕಿಂತ ಮುಖ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದೇಕೆ ಎಂಬುದನ್ನು ಉದಾಹರಣೆಗಳ ಮೂಲಕ ಹೇಳುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ. ಇಲ್ಲಿಂದ 500 ಕಿಲೋಮೀಟರ್ ದೂರದ ಒಂದು ನಗರಕ್ಕೆ 78 ಆಸನಗಳ ಎಟಿಆರ್ 72 ವಿಮಾನ ಹಾರುತ್ತದೆ ಎಂದುಕೊಳ್ಳಿ. ಆಸನಗಳನ್ನು ದೂರದಿಂದ ಗುಣಿಸಿದರೆ 39,000 ಬರುತ್ತದೆ. ಅದು ಆ ಒಂದು ಹಾರಾಟ ಮಾರುಕಟ್ಟೆಗೆ ತಂದ ಸರಕು. ಇದಕ್ಕೆ ಲಭ್ಯ ಆಸನ ಕಿಲೋಮೀಟರ್ ಎನ್ನುತ್ತಾರೆ. 60 ಮಂದಿ ಹತ್ತಿದರೆ ಮಾರಾಟವಾದದ್ದು 30,000. ಎರಡರ ಅನುಪಾತವಾದ ಸುಮಾರು ಶೇ 77 ಲೋಡ್ ಫ್ಯಾಕ್ಟರ್. ಪ್ರತಿಯೊಬ್ಬರಿಂದ ಕಂಪನಿಗೆ ಸರಾಸರಿ 3,500 ರೂಪಾಯಿ ಬಂದಿದೆ ಎಂದು ಭಾವಿಸಿದರೆ ಒಟ್ಟು ಆದಾಯ 2,10,000 ರೂಪಾಯಿ, ಅಂದರೆ ಪ್ರತಿ ಆಸನ ಕಿಲೋಮೀಟರಿಗೆ ಸುಮಾರು 5 ರೂಪಾಯಿ 38 ಪೈಸೆ. ಅದೇ ಲೆಕ್ಕದಲ್ಲಿ ವೆಚ್ಚ 5 ರೂಪಾಯಿ 50 ಪೈಸೆ ಆಗಿದ್ದರೆ ಒಟ್ಟು ಖರ್ಚು 2,14,500 ರೂಪಾಯಿ. ಮುಕ್ಕಾಲು ಪಾಲಿಗಿಂತ ಹೆಚ್ಚು ತುಂಬಿದ್ದರೂ ಆ ಹಾರಾಟ 4,500 ರೂಪಾಯಿ ನಷ್ಟದಲ್ಲಿ ಇಳಿಯಿತು. ನಷ್ಟವಿಲ್ಲದೆ ಹಾರಲು 62 ಪ್ರಯಾಣಿಕರು ಬೇಕು, ಎಂದರೆ ಇನ್ನಿಬ್ಬರು. ಈ ದರ ಮತ್ತು ವೆಚ್ಚಗಳು ತಿಳಿವಳಿಕೆಗಾಗಿ ನಾನು ಇಟ್ಟುಕೊಂಡ ಕಲ್ಪಿತ ಅಂಕಿಗಳು. ಆದರೆ ಲಾಭ ನಷ್ಟಗಳ ನಡುವಿನ ಗೆರೆ ಇಷ್ಟೇ ತೆಳುವಾಗಿರುತ್ತದೆ ಎಂಬುದು ಕಲ್ಪನೆಯಲ್ಲ. ಆ ಇನ್ನಿಬ್ಬರು ಪ್ರತಿದಿನ, ಮಳೆಗಾಲದ ಮಂಗಳವಾರದಂದೂ, ಸಿಗುತ್ತಾರೆಯೇ ಎಂದು ಹೇಳಬಲ್ಲವರೇ ವಿಶ್ಲೇಷಕರು.

ವೆಚ್ಚದ ಕಡೆಗೆ ನೋಡಿದರೆ ಭಾರತದಲ್ಲಿ ಇಂಧನದ್ದೇ ದೊಡ್ಡ ಪಾಲು. ವಿಮಾನ ಇಂಧನ ಇನ್ನೂ ಜಿಎಸ್‌ಟಿಯ ಹೊರಗಿದೆ. ಪ್ರತಿಯೊಂದು ರಾಜ್ಯ ತನ್ನದೇ ಮಾರಾಟ ತೆರಿಗೆ ಹಾಕುತ್ತದೆ. ಆದ್ದರಿಂದ ಒಂದೇ ವಿಮಾನ ಒಂದೇ ದೂರವನ್ನು ಹಾರಿದರೂ ಯಾವ ನಿಲ್ದಾಣದಲ್ಲಿ ಇಂಧನ ತುಂಬಿಸಿಕೊಂಡಿತು ಎಂಬುದರ ಮೇಲೆ ಖರ್ಚು ಬದಲಾಗುತ್ತದೆ. ವಿಮಾನದ ಗುತ್ತಿಗೆ ಬಾಡಿಗೆ, ಎಂಜಿನ್ ನಿರ್ವಹಣೆ ಡಾಲರಿನಲ್ಲಿ, ಟಿಕೆಟ್ ಆದಾಯ ರೂಪಾಯಿಯಲ್ಲಿ. ಹೀಗಾಗಿ ರೂಪಾಯಿ ಕುಸಿದಾಗಲೆಲ್ಲ ಕಂಪನಿಯ ಲೆಕ್ಕವೂ ಕುಸಿಯುತ್ತದೆ. ಇದನ್ನೆಲ್ಲ ಸೇರಿಸಿ ಒಂದು ಮಾರ್ಗದ ಲಾಭ ನಷ್ಟವನ್ನು ಮುಂಚಿತವಾಗಿ ಹೇಳುವ ವಿಭಾಗಕ್ಕೆ ನೆಟ್‌ವರ್ಕ್ ಪ್ಲ್ಯಾನಿಂಗ್ ಎಂದು ಹೆಸರು. ಪ್ರತಿಯೊಂದು ವಿಮಾನಯಾನ ಕಂಪನಿಯಲ್ಲೂ ಅದು ಇರುತ್ತದೆ, ಮತ್ತು ಹೊಸ ಪದವೀಧರರು ವಿಶ್ಲೇಷಕರಾಗಿ ಒಳಬರುವ ಮುಖ್ಯ ಬಾಗಿಲುಗಳಲ್ಲಿ ಅದೂ ಒಂದು.

ಇನ್ನೊಂದು ಬಾಗಿಲು ರೆವೆನ್ಯೂ ಮ್ಯಾನೇಜ್‌ಮೆಂಟ್. ಇದನ್ನು ವಿವರಿಸಲು ನಮ್ಮ ಜಿಲ್ಲೆಯ ಉದಾಹರಣೆಯೇ ಸಾಕು. ಗೊರೂರಿನಲ್ಲಿ ಬೆಳೆದು, ಸೇನೆಯಲ್ಲಿದ್ದು, ಜಾವಗಲ್ಲಿನ ಬಳಿ ಕೃಷಿ ಮಾಡಿದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಆ ಕಂಪನಿಯ ಒಂದು ರೂಪಾಯಿ ಟಿಕೆಟ್ ದೇಶದ ಮನೆಮಾತಾಯಿತು. ಒಂದು ರೂಪಾಯಿಗೆ ಸಿಗುತ್ತಿದ್ದದ್ದು ವಿಮಾನದ ಎಲ್ಲ ಆಸನಗಳಲ್ಲ, ಬಹಳ ಮುಂಚಿತವಾಗಿ ಕಾದಿರಿಸುವವರಿಗಾಗಿ ಮೀಸಲಿಟ್ಟ ಕೆಲವು ಮಾತ್ರ. ಹಾರಾಟದ ದಿನ ಹತ್ತಿರವಾದಂತೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಯಾವ ಮೆಟ್ಟಿಲಿನಲ್ಲಿ ಎಷ್ಟು ಆಸನ ಇಡಬೇಕು, ಯಾವ ದಿನ ಒಂದು ಮೆಟ್ಟಿಲನ್ನು ಮುಚ್ಚಿ ಮುಂದಿನದನ್ನು ತೆರೆಯಬೇಕು ಎಂಬುದನ್ನು ಹಿಂದಿನ ಕಾದಿರಿಸುವಿಕೆಯ ಅಂಕಿಗಳಿಂದ ತೀರ್ಮಾನಿಸುವುದೇ ರೆವೆನ್ಯೂ ಮ್ಯಾನೇಜ್‌ಮೆಂಟ್. ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಷರ್ ಜೊತೆ ವಿಲೀನವಾಯಿತು; ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿತು. ಆದರೂ ಸಣ್ಣ ಊರಿನವರೂ ವಿಮಾನ ಹತ್ತುತ್ತಾರೆ, ದರ ಇಳಿದರೆ ಬೇಡಿಕೆ ಹುಟ್ಟುತ್ತದೆ ಎಂಬ ಆ ಕಂಪನಿಯ ನಂಬಿಕೆ ಸುಳ್ಳಾಗಲಿಲ್ಲ. ಸುಳ್ಳಾದದ್ದು ವೆಚ್ಚದ ಲೆಕ್ಕ. ಬೇಡಿಕೆಯನ್ನು ಸರಿಯಾಗಿ ಊಹಿಸಿಯೂ ಕಂಪನಿ ಉಳಿಯದೆ ಹೋಗಬಹುದು ಎಂಬುದನ್ನು ಈ ಕ್ಷೇತ್ರಕ್ಕೆ ಬರುವವರು ಮೊದಲೇ ತಿಳಿದಿರಬೇಕು.

ಸಣ್ಣ ಊರುಗಳ ವಿಮಾನಯಾನಕ್ಕೆಂದೇ ಕೇಂದ್ರ ಸರ್ಕಾರ 2016ರಲ್ಲಿ ಉಡಾನ್ ಯೋಜನೆ ಘೋಷಿಸಿತು. 2017ರ ಏಪ್ರಿಲ್ 27ರಂದು ಶಿಮ್ಲಾ ದೆಹಲಿ ನಡುವೆ ಮೊದಲ ವಿಮಾನ ಹಾರಿತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ಮಿತಿ, ನಷ್ಟ ತುಂಬಿಕೊಡಲು ಕಂಪನಿಗೆ ಮೂರು ವರ್ಷ ಸಹಾಯಧನ, ಆ ಅವಧಿಯಲ್ಲಿ ಮಾರ್ಗದ ಮೇಲೆ ಏಕಸ್ವಾಮ್ಯ. ಉದ್ದೇಶ ಒಳ್ಳೆಯದು, ಕಲಬುರಗಿ, ಬೀದರ್, ವಿದ್ಯಾನಗರದಂತಹ ಊರುಗಳಿಗೆ ಇದರಿಂದ ವಿಮಾನ ಬಂದದ್ದೂ ನಿಜ. ಆದರೆ ಸರ್ಕಾರದ ಲೆಕ್ಕಪತ್ರಗಳನ್ನು ಪರಿಶೀಲಿಸುವ ಮಹಾಲೇಖಪಾಲರು (ಸಿಎಜಿ) 2023ರಲ್ಲಿ ಸಲ್ಲಿಸಿದ ವರದಿಯನ್ನು ಈ ಕ್ಷೇತ್ರಕ್ಕೆ ಬರಲು ಬಯಸುವ ಪ್ರತಿಯೊಬ್ಬರೂ ಓದಬೇಕು. ಮಾರ್ಗಗಳ ಹರಾಜಿನ ಮೂರನೆಯ ಸುತ್ತಿನವರೆಗೆ ಹಂಚಿಕೆಯಾದ 774 ಮಾರ್ಗಗಳಲ್ಲಿ 403 ಮಾರ್ಗಗಳಲ್ಲಿ ಹಾರಾಟ ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112. ಆ ಬಳಿಕವೂ, 2023ರ ಮಾರ್ಚ್‌ವರೆಗೆ ಉಳಿದುಕೊಂಡವು 54. ಈ ಅಂಕಿಗಳನ್ನು ಯೋಜನೆಯ ನಿಂದನೆಗಾಗಿ ಹೇಳುತ್ತಿಲ್ಲ. ನಿಲ್ದಾಣ ಸಿದ್ಧವಾಗದಿರುವುದು, ವಿಮಾನ ಸಿಗದಿರುವುದು, ಕಂಪನಿಯೇ ಮುಚ್ಚಿಹೋಗುವುದು, ಹೀಗೆ ಕಾರಣಗಳು ಅನೇಕ. ಆದರೆ ಹರಾಜಿನಲ್ಲಿ ಮಾರ್ಗ ಪಡೆಯುವ ಮೊದಲು ಯಾರೋ ಒಬ್ಬರು ಇಷ್ಟು ಪ್ರಯಾಣಿಕರು ಬರುತ್ತಾರೆ ಎಂದು ಕಾಗದದ ಮೇಲೆ ಬರೆದಿದ್ದರು. ಆ ಬರಹ ಎಷ್ಟು ಎಚ್ಚರದಿಂದ ಆಗಿತ್ತು ಎಂಬ ಪ್ರಶ್ನೆ ನನ್ನನ್ನು ಸದಾ ಕಾಡುತ್ತದೆ, ಏಕೆಂದರೆ ಅದರ ಫಲವನ್ನು ಅನುಭವಿಸುವವರು ಜಮೀನು ಕೊಟ್ಟ ರೈತರು ಮತ್ತು ತೆರಿಗೆ ಕೊಟ್ಟ ಜನರು.

ಈಗ ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗಳನ್ನೇ ವಿಶ್ಲೇಷಕರ ಕಣ್ಣಿನಿಂದ ನೋಡೋಣ. ಒಂದು ನಿಲ್ದಾಣಕ್ಕೆ ಪ್ರಯಾಣಿಕರು ಎಲ್ಲಿಂದ ಬರುತ್ತಾರೋ ಆ ಪ್ರದೇಶವನ್ನು ಕ್ಯಾಚ್‌ಮೆಂಟ್ ಎನ್ನುತ್ತಾರೆ. ಹಾಸನದ ಕ್ಯಾಚ್‌ಮೆಂಟ್ ಭೂಪಟದ ಮೇಲೆ ಎಳೆದ ಒಂದು ವೃತ್ತವಲ್ಲ. ಇಲ್ಲಿನ ಜನ ಈಗಾಗಲೇ ವಿಮಾನದಲ್ಲಿ ಹೋಗುತ್ತಿದ್ದಾರೆ, ಆದರೆ ದೇವನಹಳ್ಳಿಯಿಂದ ಅಥವಾ ಮಂಗಳೂರಿನಿಂದ. ಇದನ್ನು ಸೋರಿಕೆ ಎಂದು ಕರೆಯುತ್ತಾರೆ, ಮತ್ತು ಅದನ್ನು ಅಳೆಯುವುದೇ ಹೊಸ ನಿಲ್ದಾಣದ ಅಧ್ಯಯನದ ಮೊದಲ ಕೆಲಸ. ಮಳೆಗಾಲದಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಮಂಗಳೂರಿಗೆ ಹೋಗುವವರು ಬೆಂಗಳೂರಿನ ಕಡೆ ತಿರುಗುತ್ತಾರೆ. ಅಂದರೆ ನಮ್ಮ ಕ್ಯಾಚ್‌ಮೆಂಟ್ ಜುಲೈನಲ್ಲಿ ಒಂದು ಆಕಾರ, ಜನವರಿಯಲ್ಲಿ ಇನ್ನೊಂದು ಆಕಾರ. ದೂರದ ನಗರದಲ್ಲಿ ಕುಳಿತು ಗೂಗಲ್ ನಕ್ಷೆ ನೋಡಿ ವರದಿ ಬರೆಯುವವರಿಗೆ ಇದು ಹೊಳೆಯುವುದಿಲ್ಲ. ನಿಮಗೆ ಹೊಳೆಯುತ್ತದೆ.

ಹಾಸನದಿಂದ ಬೆಂಗಳೂರಿಗೆ ವಿಮಾನ ಬೇಕೇ ಎಂದು ಕೇಳಿದರೆ ಸಭೆಯಲ್ಲಿ ಎಲ್ಲರೂ ಕೈಯೆತ್ತುತ್ತಾರೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ರಸ್ತೆಯಲ್ಲಿ ಸುಮಾರು 185 ಕಿಲೋಮೀಟರ್, ನಾಲ್ಕು ಪಥದ ಹೆದ್ದಾರಿ, ಜೊತೆಗೆ ರೈಲು. ವಿಮಾನವಾದರೆ ಒಂದು ಗಂಟೆ ಮುಂಚೆ ಬೂವನಹಳ್ಳಿಗೆ ಬರಬೇಕು, ಮುಕ್ಕಾಲು ಗಂಟೆ ಹಾರಬೇಕು, ಆಮೇಲೆ ದೇವನಹಳ್ಳಿಯಿಂದ ಜಯನಗರಕ್ಕೋ ಯಶವಂತಪುರಕ್ಕೋ ಮತ್ತೆ ರಸ್ತೆಯಲ್ಲೇ ಬರಬೇಕು. ಬೆಂಗಳೂರಿನ ಊರೊಳಗೆ ಕೆಲಸವಿರುವವರಿಗೆ ಇದರಲ್ಲಿ ಉಳಿತಾಯವಿಲ್ಲ. ಅದೇ ವಿಮಾನ ದೆಹಲಿಗೋ ದುಬೈಗೋ ಹೋಗುವವರಿಗೆ ಒಂದೇ ಟಿಕೆಟ್ಟಿನಲ್ಲಿ ಸಂಪರ್ಕ ಕೊಟ್ಟರೆ ಅದಕ್ಕೆ ಅರ್ಥ ಬರುತ್ತದೆ. ಹಾಗಾಗಿ ಹಾಸನ ಬೆಂಗಳೂರು ಮಾರ್ಗದಲ್ಲಿ ಕುಳಿತವರ ಸಂಖ್ಯೆಯನ್ನು ಎಣಿಸಿದರೆ ಸಾಲದು, ಅವರ ಪಯಣದ ನಿಜವಾದ ಮೊದಲು ಮತ್ತು ಕೊನೆ ಯಾವುವು ಎಂದು ತಿಳಿಯಬೇಕು. ಶಿವಮೊಗ್ಗದ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಗಿ, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಬಂತು. ಅದೇ ವರ್ಷ ಹೈದರಾಬಾದ್, ತಿರುಪತಿ, ಗೋವಾ ಮಾರ್ಗಗಳು ಸೇರಿದವು. ಬೆಂಗಳೂರಿನಾಚೆಗಿನ ನೇರ ಮಾರ್ಗಗಳಿಗೆ ಎಷ್ಟು ಜನ ಬರುತ್ತಾರೆ ಎಂಬುದನ್ನು ಗಮನಿಸಿದರೆ ಹಾಸನಕ್ಕೆ ಬಹಳಷ್ಟು ತಿಳಿಯುತ್ತದೆ. ಚಿಕ್ಕಮಗಳೂರಿನ ಉತ್ತರ ಭಾಗದ ತರೀಕೆರೆಯವರು ಶಿವಮೊಗ್ಗಕ್ಕೇ ಹೋಗುತ್ತಾರೆ ಎಂಬುದನ್ನೂ ನಮ್ಮ ಲೆಕ್ಕದಿಂದ ಕಳೆಯಬೇಕಾಗುತ್ತದೆ.

ಚಿಕ್ಕಮಗಳೂರಿನ ಪ್ರವಾಸಿಗರ ವಿಷಯವೂ ಹೀಗೆಯೇ. ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ನಿಲ್ಲುವ ವಾಹನಗಳ ಸಾಲು ನೋಡಿ ಇಷ್ಟು ಬೇಡಿಕೆ ಇದೆಯಲ್ಲ ಎನ್ನುವುದು ಸುಲಭ. ಆದರೆ ಅವರಲ್ಲಿ ಬೆಂಗಳೂರಿನಿಂದ ಸ್ವಂತ ಕಾರಿನಲ್ಲಿ ಬಂದವರು ವಿಮಾನಕ್ಕೆ ಬರುವುದಿಲ್ಲ, ಏಕೆಂದರೆ ಇಲ್ಲಿ ಇಳಿದ ಮೇಲೆ ಬೆಟ್ಟ ಹತ್ತಲು ಅವರಿಗೆ ಕಾರು ಬೇಕೇ ಬೇಕು. ಎಣಿಸಬೇಕಾದದ್ದು ಹೈದರಾಬಾದ್, ಚೆನ್ನೈ, ಮುಂಬೈಗಳಿಂದ ಬಂದವರನ್ನು. ಹೋಂಸ್ಟೇಗಳ ನೋಂದಣಿ ಪುಸ್ತಕಗಳನ್ನು ಮಾಲೀಕರ ಅನುಮತಿಯಿಂದ, ಹೆಸರುಗಳನ್ನು ಬಿಟ್ಟು, ಊರುಗಳನ್ನು ಮಾತ್ರ ಒಂದು ವರ್ಷದ ಮಟ್ಟಿಗೆ ಪಟ್ಟಿ ಮಾಡಿದರೆ ಸಿಗುವ ಮಾಹಿತಿಗೆ ಯಾವ ದೊಡ್ಡ ಸಲಹಾ ಸಂಸ್ಥೆಯ ಮಾದರಿಯೂ ಸಮವಲ್ಲ. ಇದು ನಿಮ್ಮಲ್ಲಿ ಯಾರಾದರೂ ಅಂತಿಮ ವರ್ಷದ ಪ್ರಾಜೆಕ್ಟ್ ಆಗಿ ಮಾಡಬಹುದಾದ ಕೆಲಸ. ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಹಾಸನದ ವಿಶೇಷ ಆರ್ಥಿಕ ವಲಯದ ಜವಳಿ ಉದ್ಯಮ, ಮೆಡಿಕಲ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳು ಇಲ್ಲಿ ವ್ಯವಹಾರದ ಪ್ರಯಾಣಿಕರನ್ನು ಕೊಡುತ್ತವೆ. ಅಂಥವರು ದರಕ್ಕಿಂತ ಸಮಯವನ್ನು ನೋಡುತ್ತಾರೆ. ಬೆಳಿಗ್ಗೆ ಹೋಗಿ ಸಂಜೆ ಮರಳುವ ವೇಳಾಪಟ್ಟಿ ಇಲ್ಲದಿದ್ದರೆ ಅವರು ಕಾರಿನಲ್ಲೇ ಹೋಗುತ್ತಾರೆ.

ಸರಕು ಸಾಗಣೆಯ ಬಗೆಗೂ ಒಂದು ಮಾತು ಹೇಳಬೇಕು, ಏಕೆಂದರೆ ನಮ್ಮ ಕಡೆ ನಿಲ್ದಾಣದ ಪರವಾಗಿ ಮಾತನಾಡುವವರೆಲ್ಲ ಕಾಫಿಯ ಹೆಸರು ಹೇಳುತ್ತಾರೆ. ಕಾಫಿ ಬೇಗ ಕೆಡುವ ಪದಾರ್ಥವಲ್ಲ. ಅದು ಕಂಟೇನರಿನಲ್ಲಿ, ಬಂದರಿನ ಮೂಲಕ, ಹಡಗಿನಲ್ಲಿ ಹೋಗುತ್ತದೆ, ಮುಂದೆಯೂ ಹೋಗುತ್ತದೆ. ವಿಮಾನದಲ್ಲಿ ಹೋಗುವುದು ತೂಕಕ್ಕೆ ಹೋಲಿಸಿದರೆ ಬೆಲೆ ಬಹಳ ಹೆಚ್ಚಿರುವ ಅಥವಾ ಒಂದೆರಡು ದಿನದಲ್ಲಿ ಕೆಡುವ ವಸ್ತು. ಎಟಿಆರ್ ವಿಮಾನದ ಸರಕು ಕೋಣೆ ಪ್ರಯಾಣಿಕರ ಚೀಲಗಳಿಗೇ ಹೆಚ್ಚುಕಡಿಮೆ ತುಂಬಿಹೋಗುತ್ತದೆ. ಇದನ್ನು ಬೆಳೆಗಾರರ ಸಭೆಯಲ್ಲಿ ಹೇಳುವುದು ಕಷ್ಟ, ಆದರೆ ವರದಿಯಲ್ಲಿ ಬರೆಯಲೇಬೇಕು.

ಬೇಡಿಕೆಯ ಮುನ್ನಂದಾಜನ್ನು ತೋಟದವರು ಫಸಲಿನ ಅಂದಾಜಿಗೆ ಹೋಲಿಸಿಕೊಳ್ಳಬಹುದು: ಹೂಮಳೆ ಬಂದಾಗಲೇ ಅನುಭವಿ ಬೆಳೆಗಾರರು ಒಂದು ಸಂಖ್ಯೆ ಹೇಳುತ್ತಾರೆ, ಆದರೆ ಹಿಂಬಾಲಿಸಿ ಬರಬೇಕಾದ ಮಳೆ ತಪ್ಪಿದರೆ ಎಷ್ಟು ಇಳಿಯುತ್ತದೆ ಎಂಬುದನ್ನೂ ಜೊತೆಗೇ ಹೇಳುತ್ತಾರೆ. ಒಳ್ಳೆಯ ವಿಮಾನಯಾನ ವರದಿಯಲ್ಲೂ ಒಂದೇ ಅಂಕಿ ಇರುವುದಿಲ್ಲ. ಆದಾಯದ ಬೆಳವಣಿಗೆ, ಜನಸಂಖ್ಯೆ, ದರ, ಪರ್ಯಾಯ ಸಾರಿಗೆ ಇವುಗಳ ಮೇಲೆ ನಿಂತ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ದಾರಿಗಳಿರುತ್ತವೆ, ಯಾವುದರ ಮೇಲೆ ಎಷ್ಟು ಭರವಸೆ ಎಂಬ ಮಾತಿರುತ್ತದೆ.

ಅಂದಾಜು ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಜಗತ್ತಿನಲ್ಲಿ ದೊಡ್ಡ ದೊಡ್ಡ ಉದಾಹರಣೆಗಳಿವೆ. ಕೆನಡಾದ ಮಾಂಟ್ರಿಯಲ್ ನಗರಕ್ಕಾಗಿ 1975ರಲ್ಲಿ ತೆರೆದ ಮಿರಾಬೆಲ್ ನಿಲ್ದಾಣಕ್ಕೆ ಅಪಾರ ಕೃಷಿ ಭೂಮಿಯನ್ನು ವಶಪಡಿಸಿಕೊಳ್ಳಲಾಗಿತ್ತು. ನಗರದ ಹತ್ತಿರದ ಹಳೆಯ ನಿಲ್ದಾಣವೂ ಉಳಿದುಕೊಂಡದ್ದರಿಂದ ನಿರೀಕ್ಷಿಸಿದ ಜನ ಬರಲೇ ಇಲ್ಲ; 2004ರಲ್ಲಿ ಪ್ರಯಾಣಿಕ ವಿಮಾನಗಳು ನಿಂತವು, ಮುಂದೆ ಟರ್ಮಿನಲ್ಲನ್ನೇ ಕೆಡವಿದರು. ಸ್ಪೇನಿನ ಸಿಯುದಾದ್ ರಿಯಲ್ ನಿಲ್ದಾಣಕ್ಕೆ ನೂರು ಕೋಟಿ ಯೂರೋಗೂ ಹೆಚ್ಚು ಖರ್ಚಾಗಿ, ಕೆಲವೇ ವರ್ಷಗಳಲ್ಲಿ, 2012ರಲ್ಲಿ, ಅದು ಮುಚ್ಚಿತು. ತಪ್ಪು ಇನ್ನೊಂದು ದಿಕ್ಕಿಗೂ ಆಗುತ್ತದೆ. ನಮ್ಮ ಬೆಂಗಳೂರು ನಿಲ್ದಾಣದ ಮೂಲ ವಿನ್ಯಾಸ ಸಾಲುವುದಿಲ್ಲ ಎಂದು ನಿರ್ಮಾಣದ ನಡುವೆಯೇ ಗೊತ್ತಾಗಿ, ಟರ್ಮಿನಲ್ಲನ್ನು ದೊಡ್ಡದು ಮಾಡಬೇಕಾಯಿತು. 2008ರ ಮೇ 24ರಂದು ತೆರೆದ ಆ ನಿಲ್ದಾಣವನ್ನು 2023-24ರಲ್ಲಿ ಬಳಸಿದವರು ಸುಮಾರು 3.75 ಕೋಟಿ ಪ್ರಯಾಣಿಕರು. ಬೆಂಗಳೂರು ನಿಲ್ದಾಣದ ಕುರಿತು ಕೇಂದ್ರ ಸರ್ಕಾರದೊಂದಿಗೆ 2004ರಲ್ಲಿ ಆದ ಒಪ್ಪಂದದಲ್ಲಿ, 25 ವರ್ಷ ಕಾಲ 150 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮತ್ತೊಂದು ಅಂತರರಾಷ್ಟ್ರೀಯ ನಿಲ್ದಾಣ ಬರಬಾರದು ಎಂಬ ಷರತ್ತಿದೆ, ಮತ್ತು ಆ ಷರತ್ತಿನಿಂದ ಮೈಸೂರು ಹಾಗೂ ಹಾಸನವನ್ನು ಹೆಸರು ಹೇಳಿಯೇ ಹೊರಗಿಡಲಾಗಿದೆ. ಇಂಥ ಒಪ್ಪಂದಗಳನ್ನು ಸಾಲು ಸಾಲಾಗಿ ಓದುವುದೂ ವಿಶ್ಲೇಷಕರ ಕೆಲಸದ ಭಾಗ.

ಒಂದೇ ಮಾಹಿತಿಯಿಂದ ಬೇರೆ ಬೇರೆಯವರು ಎಷ್ಟು ಬೇರೆಯಾದ ತೀರ್ಮಾನಕ್ಕೆ ಬರಬಹುದು ಎಂಬುದಕ್ಕೆ ದೆಹಲಿಯ ಸಮೀಪದ ನೋಯ್ಡಾ ನಿಲ್ದಾಣವನ್ನು ಕಟ್ಟಿ ನಡೆಸುವ ಹಕ್ಕಿನ ಹರಾಜು ಒಳ್ಳೆಯ ಪಾಠ. ಪ್ರತಿ ಪ್ರಯಾಣಿಕನಿಗೆ ಸರ್ಕಾರಕ್ಕೆ ಎಷ್ಟು ಕೊಡುತ್ತೀರಿ ಎಂದು 2019ರಲ್ಲಿ ಕೇಳಿದಾಗ ಜ್ಯೂರಿಕ್ ಏರ್‌ಪೋರ್ಟ್ ಸಂಸ್ಥೆ 400.97 ರೂಪಾಯಿ, ಅದಾನಿ 360, ದೆಹಲಿ ನಿಲ್ದಾಣದ ಸಂಸ್ಥೆ 351, ಆಂಕರೇಜ್ 205 ಎಂದವು. ಕಡೆಯವರ ದರಕ್ಕೂ ಮೊದಲನೆಯವರ ದರಕ್ಕೂ ಸುಮಾರು ಎರಡು ಪಟ್ಟು ಅಂತರ. ಪ್ರತಿಯೊಂದು ಸಂಸ್ಥೆಯ ಹಿಂದೆಯೂ ಸಲಹೆಗಾರರ ತಂಡವಿತ್ತು. ದಶಕಗಳ ಕಾಲದ ಪ್ರಯಾಣಿಕರು, ಅಂಗಡಿ ಬಾಡಿಗೆ, ಸಾಲದ ಬಡ್ಡಿ, ರನ್‌ವೇ ವಿಸ್ತರಣೆ ಎಲ್ಲವನ್ನೂ ಒಂದು ದೊಡ್ಡ ಎಕ್ಸೆಲ್ ಕಡತದಲ್ಲಿ ಕಟ್ಟಿ, ಅದರ ಕೊನೆಯ ಕೋಶದಲ್ಲಿ ಬಂದ ಸಂಖ್ಯೆಯ ಮೇಲೆ ಸಾವಿರಾರು ಕೋಟಿ ಹೂಡಿಕೆ ನಿಂತಿರುತ್ತದೆ. ಅದೇ ವರ್ಷ ಮಂಗಳೂರು ನಿಲ್ದಾಣವನ್ನು 50 ವರ್ಷಗಳ ಅವಧಿಗೆ ಅದಾನಿ ಸಂಸ್ಥೆ ಪ್ರತಿ ಪ್ರಯಾಣಿಕನಿಗೆ 115 ರೂಪಾಯಿ ಕೊಡುವುದಾಗಿ ಹೇಳಿ ಗೆದ್ದುಕೊಂಡಿತು.

ನಿಲ್ದಾಣದ ವಿನ್ಯಾಸದ ಕಡೆಗೆ ಬಂದರೆ ಸಿವಿಲ್ ಎಂಜಿನಿಯರುಗಳಿಗೆ ಕೆಲಸವಿದೆ. ಟರ್ಮಿನಲ್ಲನ್ನು ಕಟ್ಟುವುದು ವರ್ಷದ ಒಟ್ಟು ಪ್ರಯಾಣಿಕರಿಗಲ್ಲ, ಅತ್ಯಂತ ಜನಸಂದಣಿಯ ಗಂಟೆಗೆ. ರನ್‌ವೇಯ ದಿಕ್ಕನ್ನು ನಿರ್ಧರಿಸುವುದು ಗಾಳಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 14ನೇ ಅನುಬಂಧದ ಪ್ರಕಾರ ಅಡ್ಡಗಾಳಿಯ ಕಾರಣದಿಂದ ಬಳಕೆ ತಪ್ಪುವ ಸಮಯ ಶೇ 5ನ್ನು ಮೀರಬಾರದು, ಮತ್ತು ಈ ತೀರ್ಮಾನಕ್ಕೆ ಸಾಧ್ಯವಾದರೆ ಐದು ವರ್ಷಗಳಿಗೆ ಕಡಿಮೆಯಿಲ್ಲದ ಗಾಳಿಯ ದಾಖಲೆ ಬೇಕು. ಮಲೆನಾಡಿನ ಸೆರಗಿನಲ್ಲಿ ಮೋಡ, ಮಂಜು, ಜಡಿಮಳೆಯ ದಿನಗಳಲ್ಲಿ ರನ್‌ವೇ ಕಾಣದಿದ್ದರೆ ವಿಮಾನ ಬೇರೆಡೆಗೆ ಹೋಗುತ್ತದೆ. ಉಪಕರಣಗಳ ಸಹಾಯದಿಂದ ಇಳಿಯುವ ವ್ಯವಸ್ಥೆ ಎಷ್ಟು ದಿನಗಳನ್ನು ಉಳಿಸಿಕೊಡುತ್ತದೆ, ಅದರ ಬೆಲೆಗೆ ತಕ್ಕ ಫಲವಿದೆಯೇ ಎಂಬುದನ್ನೂ ಲೆಕ್ಕ ಹಾಕಬೇಕು.

ವಾಣಿಜ್ಯ ಮತ್ತು ಕಾನೂನಿನ ವಿದ್ಯಾರ್ಥಿಗಳಿಗೆ ನಿಯಂತ್ರಣದ ಕ್ಷೇತ್ರ ಹೆಚ್ಚು ಹತ್ತಿರವಾದೀತು. 2008ರ ಕಾಯ್ದೆಯಡಿ ಸ್ಥಾಪನೆಯಾದ ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ ದೊಡ್ಡ ನಿಲ್ದಾಣಗಳು ವಿಧಿಸುವ ಶುಲ್ಕಗಳನ್ನು ಐದೈದು ವರ್ಷಗಳಿಗೆ ಗೊತ್ತುಮಾಡುತ್ತದೆ. ನಿಮ್ಮ ಟಿಕೆಟ್ಟಿನಲ್ಲಿ ಯುಡಿಎಫ್ ಎಂದು ಕಾಣುವ ಬಳಕೆದಾರರ ಅಭಿವೃದ್ಧಿ ಶುಲ್ಕ ಅಲ್ಲಿಂದ ಬಂದದ್ದು. ನಿಲ್ದಾಣದ ಆಸ್ತಿಯ ಮೌಲ್ಯ, ಅದರ ಮೇಲೆ ನ್ಯಾಯವಾದ ಪ್ರತಿಫಲ, ಸವಕಳಿ, ನಿರ್ವಹಣಾ ವೆಚ್ಚ, ತೆರಿಗೆ ಇಷ್ಟನ್ನೂ ಕೂಡಿ, ಅಂಗಡಿ, ಪಾರ್ಕಿಂಗ್ ಮುಂತಾದವುಗಳ ಆದಾಯದಲ್ಲಿ ಶೇ 30ನ್ನು ಕಳೆದು, ಉಳಿದದ್ದನ್ನು ಪ್ರಯಾಣಿಕರಿಂದಲೂ ಕಂಪನಿಗಳಿಂದಲೂ ವಸೂಲು ಮಾಡುವ ಪದ್ಧತಿಯನ್ನು 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿ ಒಪ್ಪಿಕೊಂಡಿತು. ನಿಲ್ದಾಣದ ಪರ, ಕಂಪನಿಗಳ ಪರ, ಪ್ರಾಧಿಕಾರದ ಪರ, ಹೀಗೆ ಮೂರೂ ಕಡೆ ವಿಶ್ಲೇಷಕರು ಬೇಕು. ವಿಮಾನಗಳ ಗುತ್ತಿಗೆ ಮತ್ತು ಮೌಲ್ಯಮಾಪನ ಇನ್ನೊಂದು ಶಾಖೆ. ಅದರ ಕೇಂದ್ರ ಐರ್ಲೆಂಡಿನ ಡಬ್ಲಿನ್, ಭಾರತದಲ್ಲಿ ಗುಜರಾತಿನ ಹಣಕಾಸು ವಲಯವಾದ ಗಿಫ್ಟ್ ಸಿಟಿ ಅದನ್ನು ಸೆಳೆಯಲು ಯತ್ನಿಸುತ್ತಿದೆ.

ಕೆಲಸ ಕೊಡುವವರು ಯಾರು? ಐಸಿಎಫ್, ಸ್ಟಿಯರ್, ಲ್ಯಾಂಡ್ರಮ್ ಅಂಡ್ ಬ್ರೌನ್‌ನಂಥ ಸಂಸ್ಥೆಗಳು ವಿಮಾನಯಾನ ಮತ್ತು ಸಾರಿಗೆಯ ಸಲಹೆಗೆ ಹೆಸರಾಗಿವೆ. ಕಾಪಾ ಇಂಡಿಯಾ ನಮ್ಮ ದೇಶದ ಮಾರುಕಟ್ಟೆಯ ಅಧ್ಯಯನ ನಡೆಸುತ್ತದೆ. ಡೆಲಾಯ್ಟ್, ಕೆಪಿಎಂಜಿ, ಪಿಡಬ್ಲ್ಯುಸಿಗಳಲ್ಲಿ ಮೂಲಸೌಕರ್ಯ ವಿಭಾಗಗಳಿವೆ; ಇಕ್ರಾ, ಕ್ರಿಸಿಲ್‌ನಂಥ ರೇಟಿಂಗ್ ಸಂಸ್ಥೆಗಳು ನಿಲ್ದಾಣಗಳ ಮತ್ತು ಕಂಪನಿಗಳ ಸಾಲದ ಗುಣವನ್ನು ಅಳೆಯುತ್ತವೆ. ಸಿರಿಯಂ, ಒಎಜಿ ಸಂಸ್ಥೆಗಳು ಜಗತ್ತಿನ ವಿಮಾನ ವೇಳಾಪಟ್ಟಿಗಳ ಮಾಹಿತಿಯನ್ನೇ ಮಾರುತ್ತವೆ. ಟಿಕೆಟ್ ತಂತ್ರಾಂಶ ಮಾಡುವ ಅಮೆಡಿಯಸ್‌ಗೆ ಬೆಂಗಳೂರಿನಲ್ಲಿ ದೊಡ್ಡ ಕಚೇರಿಯಿದೆ. ಇವುಗಳ ಜೊತೆಗೆ ವಿಮಾನಯಾನ ಕಂಪನಿಗಳು ಮತ್ತು ನಿಲ್ದಾಣಗಳ ಒಳಗಿನ ಯೋಜನಾ ವಿಭಾಗಗಳು. ಇಂಡಿಗೋ 2023ರಲ್ಲಿ ಒಂದೇ ಬಾರಿಗೆ 500 ವಿಮಾನಗಳಿಗೆ, ಏರ್ ಇಂಡಿಯಾ 470 ವಿಮಾನಗಳಿಗೆ ಆದೇಶ ಕೊಟ್ಟವು. ಅಷ್ಟು ವಿಮಾನಗಳನ್ನು ಎಲ್ಲಿ ಹಾರಿಸಬೇಕೆಂದು ಯಾರಾದರೂ ಹೇಳಲೇಬೇಕಲ್ಲ!

ಕಷ್ಟಗಳನ್ನೂ ಹೇಳದೆ ಬಿಡಬಾರದು. ಈ ಉದ್ಯಮ ಏಳುವುದೂ ಬೀಳುವುದೂ ಬೇಗ. 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ಪ್ರಯಾಣಿಕ ವಿಮಾನಗಳೇ ಹಾರಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತವು. ವಿಶ್ಲೇಷಣೆಯ ಕೌಶಲವನ್ನು ರೈಲು, ಹೆದ್ದಾರಿ, ಬಂದರುಗಳ ಕ್ಷೇತ್ರಕ್ಕೂ ಒಯ್ಯಬಹುದು ಎಂಬುದೊಂದು ಸಮಾಧಾನ. ಸಲಹಾ ಸಂಸ್ಥೆಗಳಲ್ಲಿ ಗಡುವಿನ ಒತ್ತಡ ಹೆಚ್ಚು, ರಾತ್ರಿ ಬಹಳ ಹೊತ್ತು ಕುಳಿತಿರಬೇಕಾದ ದಿನಗಳು ಇರುತ್ತವೆ. ಎಲ್ಲಕ್ಕಿಂತ ದೊಡ್ಡ ಒತ್ತಡ ಅಂಕಿಯ ಮೇಲಿನದು: ಹಣ ಕೊಟ್ಟು ವರದಿ ಕೇಳುವವರಿಗೆ ಬಹುಮಟ್ಟಿಗೆ ಉತ್ತರ ಯಾವುದಿರಬೇಕೆಂಬ ಆಸೆ ಮೊದಲೇ ಇರುತ್ತದೆ. ಆಗ ಬೆಳವಣಿಗೆಯ ದರವನ್ನು ಶೇ 6ರಿಂದ 9ಕ್ಕೆ ಏರಿಸಿಬಿಡುವುದು ಒಂದು ಕೋಶದಲ್ಲಿ ಒಂದು ಅಂಕಿ ಬದಲಿಸುವಷ್ಟೇ ಸುಲಭ. 20 ವರ್ಷಗಳಲ್ಲಿ ಮೊದಲನೆಯದು ಪ್ರಯಾಣಿಕರನ್ನು ಸುಮಾರು 3.2 ಪಟ್ಟು ಮಾಡುತ್ತದೆ, ಎರಡನೆಯದು 5.6 ಪಟ್ಟು. ಆ ಅಂತರಕ್ಕೆ ತಕ್ಕಂತೆ ಭೂಮಿ ವಶವಾಗುತ್ತದೆ. ಇಲ್ಲ ಎನ್ನಬೇಕಾದಲ್ಲಿ ಇಲ್ಲ ಎಂದು, ಕಾರಣ ಸಹಿತ, ವಿನಯದಿಂದ ಬರೆಯಬಲ್ಲವರು ನಮಗೆ ಬೇಕಾಗಿದ್ದಾರೆ.

ಉಪನ್ಯಾಸದ ಬಳಿಕ ಕೇಳಿದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಇಲ್ಲಿ ಸೇರಿಸುತ್ತೇನೆ. ಮಗಳ ಜೊತೆ ಬಂದಿದ್ದ ತಂದೆಯೊಬ್ಬರು, ಇದಕ್ಕಾಗಿ ದೆಹಲಿಗೆ ಹೋಗಲೇಬೇಕೇ ಎಂದು ಕೇಳಿದರು. ಸಲಹಾ ಸಂಸ್ಥೆಗಳೂ ಕಂಪನಿಗಳ ಮುಖ್ಯ ಕಚೇರಿಗಳೂ ಹೆಚ್ಚಾಗಿ ದೆಹಲಿ, ಗುರುಗ್ರಾಮ, ಮುಂಬೈಗಳಲ್ಲಿವೆ. ತಂತ್ರಾಂಶ ಮತ್ತು ಮಾಹಿತಿ ವಿಶ್ಲೇಷಣೆಯ ಕೆಲಸ ಬೆಂಗಳೂರಿನಲ್ಲೂ ಸಾಕಷ್ಟಿದೆ. ಮೊದಲ ಕೆಲವು ವರ್ಷ ಹೊರಗೆ ಕಲಿತು ಬರಲು ಮಗಳಿಗೆ ಧೈರ್ಯ ಕೊಡಿ ಎಂದು ಅವರಲ್ಲಿ ಕೇಳಿಕೊಂಡೆ.

ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬಿ.ಕಾಂ. ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬರು, ಸರ್, ನಮ್ಮಂಥವರು ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದರು. ವರದಿಗಳು ಇಂಗ್ಲಿಷಿನಲ್ಲೇ ಇರುವುದರಿಂದ ಅದರಲ್ಲಿ ಬರೆಯುವ ಅಭ್ಯಾಸ ಬೇಕೇ ಬೇಕು. ಆದರೆ ಬಸ್ ನಿಲ್ದಾಣದಲ್ಲೋ ಹೋಂಸ್ಟೇಯಲ್ಲೋ ನಿಂತು ಪ್ರಯಾಣಿಕರ ಸಮೀಕ್ಷೆ ಮಾಡುವಾಗ ಸರಿಯಾದ ಉತ್ತರ ಹೊರಬರುವುದು ಕನ್ನಡದಲ್ಲಿ ಕೇಳಿದಾಗಲೇ. ಎಕ್ಸೆಲ್ ಚೆನ್ನಾಗಿ ಕಲಿಯಿರಿ, ಆಮೇಲೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ. ವಿಮಾನ ನಿಲ್ದಾಣಗಳ ಪ್ರಾಧಿಕಾರ ಪ್ರತಿ ತಿಂಗಳೂ ನಿಲ್ದಾಣವಾರು ಪ್ರಯಾಣಿಕರ ಸಂಖ್ಯೆಯನ್ನು ಪ್ರಕಟಿಸುತ್ತದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಕಂಪನಿವಾರು ಮತ್ತು ನಗರ ಜೋಡಿವಾರು ಅಂಕಿಗಳನ್ನು ಕೊಡುತ್ತದೆ. ಎಲ್ಲವೂ ಉಚಿತ. ಶಿವಮೊಗ್ಗ ನಿಲ್ದಾಣದಲ್ಲಿ ಹಾರಾಟ ಆರಂಭವಾದ 2023ರ ಆಗಸ್ಟ್‌ನಿಂದ ಈವರೆಗಿನ ಪ್ರತಿ ತಿಂಗಳ ಪ್ರಯಾಣಿಕರನ್ನೂ ಹಾರಾಟಗಳನ್ನೂ ಒಂದು ಹಾಳೆಯಲ್ಲಿ ಜೋಡಿಸಿ, ಒಂದು ಹಾರಾಟಕ್ಕೆ ಸರಾಸರಿ ಎಷ್ಟು ಜನ ಎಂದು ಭಾಗಿಸಿ ನೋಡಿ. ಮಳೆಗಾಲದ ತಿಂಗಳುಗಳಲ್ಲಿ ಅದು ಎಷ್ಟು ಇಳಿಯುತ್ತದೆ, ಹೊಸ ಮಾರ್ಗ ಸೇರಿದಾಗ ಹಳೆಯದರಿಂದ ಎಷ್ಟು ಕಳೆಯುತ್ತದೆ ಎಂದು ಎರಡು ಪುಟ ಬರೆದು ನಿಮ್ಮ ಅಧ್ಯಾಪಕರಿಗೆ ತೋರಿಸಿ. ಕೆಲಸಕ್ಕೆ ಅರ್ಜಿ ಹಾಕುವಾಗ ಅಂಕಪಟ್ಟಿಯ ಜೊತೆಗೆ ಆ ಎರಡು ಪುಟಗಳನ್ನೂ ಲಗತ್ತಿಸಿ ಎಂದು ಅವರಿಗೆ ಹೇಳಿದೆ.